ಪರಂಗಿ ಯಾರು, ಕುಂಪಣಿ ಯಾರು? ಐದು ತಾಲ್ಲೂಕಿನ ಕಲ್ಲುಗಳ ಮುಂದೆ ಒಂದು ತಕರಾರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಶಾಸನ ನೋಡೋಕೆ ಓಡಾಡುವ ಗೆಳೆಯರು ನನಗೆ ಆಗಾಗ ಒಂದು ಪ್ರಶ್ನೆ ಕೇಳ್ತಾರೆ. ಬ್ರಿಟಿಷರಿಗೆ ನಮ್ಮ ಜನ ‘ಪರಂಗಿ’ ಅಂತ ಯಾಕೆ ಅಂದ್ರು? ಕೇಳಿದವರೇ ಉತ್ತರವನ್ನೂ ಹೇಳಿಬಿಡ್ತಾರೆ. ನಾನು ಹೀಗೆ ಕೇಳಿದ ಉತ್ತರಗಳು ಮೂರು. ಒಂದು, ‘ಪರ’ರ ‘ಅಂಗಿ’ ತೊಟ್ಟವರು, ಅದಕ್ಕೇ ಪರಂಗಿ. ಎರಡು, ಬೇರೆ ‘ರಂಗು’ ಇದ್ದವರು, ಪರ-ರಂಗಿ. ಮೂರು, ಪರಂಗಿ ಹಣ್ಣಿನ ಬಣ್ಣದ ಮೈಯವರು. ಮೂರೂ ಕೇಳೋಕೆ ಚೆಂದ. ಮೂರೂ ತಪ್ಪು.

ಒಂದು ಪದದ ಮೂಲ ತಪ್ಪಾದರೆ ಏನು ಮುಳುಗಿಹೋಯ್ತು ಅಂತ ಕೇಳಬಹುದು. ಶಾಸನದ ವಿಷಯದಲ್ಲಿ ಮುಳುಗೋದು ಬಹಳ ಇದೆ. ಪರಂಗಿ ಅಂದರೆ ಬ್ರಿಟಿಷರೇ ಅಂತ ಗಂಟು ಹಾಕಿಕೊಂಡು ಹೊರಟವನು, ಆ ಪದ ಇರೋ ಬರಹವನ್ನೆಲ್ಲ 1800ರ ಈಚೆಗೆ ತಳ್ಳಿಬಿಡ್ತಾನೆ. ಅದು ಅಪ್ಪಟ ಕನ್ನಡ ಪದ ಅಂತ ನಂಬಿದವನು ಚಾಲುಕ್ಯರ ಕಲ್ಲಿನಲ್ಲೂ ಅದನ್ನ ಹುಡುಕ್ತಾನೆ. ಒಬ್ಬ ಇನ್ನೂರು ಮುನ್ನೂರು ವರ್ಷ ಕಳೆದುಕೊಳ್ತಾನೆ, ಇನ್ನೊಬ್ಬ ಇಲ್ಲದ ಐನೂರು ವರ್ಷ ಸೇರಿಸ್ತಾನೆ. ಹಾಗಾಗಿ ಈ ತಕರಾರು.

ಪರ ಮತ್ತು ಅಂಗಿ

ಮೊದಲು ‘ಪರ + ಅಂಗಿ’ಗೆ ನ್ಯಾಯವಾಗಿ ಒಂದು ಮಾತು. ವ್ಯಾಕರಣ ಅದನ್ನ ಪೂರ್ತಿ ತಳ್ಳಿಹಾಕೋದಿಲ್ಲ. ಸಂಸ್ಕೃತದ ಸವರ್ಣದೀರ್ಘ ಸಂಧಿ ಹಿಡಿದರೆ ‘ಪರಾಂಗಿ’ ಆಗಬೇಕಿತ್ತು ಅಂತ ಕೆಲವರು ವಾದ ಮಾಡ್ತಾರೆ. ಆದರೆ ಕನ್ನಡದ ಲೋಪಸಂಧಿಯಲ್ಲಿ ‘ಪರಂಗಿ’ ಆಗೋಕೆ ಅಡ್ಡಿ ಏನಿಲ್ಲ. ‘ಪರ-ರಂಗಿ’ಯಲ್ಲಿ ಮಾತ್ರ ಒಂದು ‘ರ’ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಜವಾಬಿಲ್ಲ.

ಈ ವಿವರಣೆಗಳು ಬೀಳೋದು ಬೇರೆ ಕಡೆ. ಪರಂಗಿ ಕನ್ನಡದಲ್ಲೇ ‘ಪರ’ಕ್ಕೆ ‘ಅಂಗಿ’ ಕೂಡಿ ಹುಟ್ಟಿದ್ದರೆ, ಅದೇ ಪದ ತಮಿಳಿನಲ್ಲಿ, ಸಿಂಹಳದಲ್ಲಿ ‘ಪರಂಗಿ’ ಅಂತ ಯಾಕಿದೆ? ತೆಲುಗು, ಮರಾಠಿ, ಹಿಂದಿಯಲ್ಲಿ ‘ಫಿರಂಗಿ’ ಯಾಕೆ? ಪರ್ಷಿಯನ್ನಿನಲ್ಲಿ ‘ಫರಂಗಿ’, ಥಾಯ್ ಭಾಷೆಯಲ್ಲಿ ‘ಫರಂಗ್’, ಇಥಿಯೋಪಿಯಾದಲ್ಲಿ ‘ಫೆರೆಂಜ್’ ಯಾಕೆ? ಇವರೆಲ್ಲ ನಮ್ಮ ಅಂಗಿಯನ್ನ ಕಡ ತೊಗೊಂಡ್ರಾ? ಒಂದು ಪದಕ್ಕೆ ಹತ್ತು ದೇಶದಲ್ಲಿ ನೆಂಟರಿದ್ದಾಗ, ಅದರ ಹುಟ್ಟೂರನ್ನ ನಮ್ಮ ಹಿತ್ತಲಲ್ಲಿ ಹುಡುಕಬಾರದು.

ಹಡಗಲಿ ಹೇಳುವ ಸಾಕ್ಷಿ

ಇದಕ್ಕೆ ನಮ್ಮ ತಾಲ್ಲೂಕಿನ ಹೆಸರುಗಳೇ ಒಂದು ಅಳತೆಗೋಲು ಕೊಡ್ತಾವೆ. ಹೂವಿನಹಡಗಲಿ ಚಾಲುಕ್ಯರ ಕಾಲದ ಶಾಸನದಲ್ಲಿ ‘ಪೂವಿನ ಪೊಸವಡಂಗಿಲೆ’. ಅಲ್ಲಿನ ‘ಪೂ’ ಇವತ್ತಿನ ‘ಹೂ’, ‘ಪೊಸ’ ಇವತ್ತಿನ ‘ಹೊಸ’, ‘ಪಡಂಗಿಲೆ’ ಇವತ್ತಿನ ‘ಹಡಗಲಿ’. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕೊನೆಯಲ್ಲಿರೋ ‘ಹಳ್ಳಿ’ಯೂ ಹಿಂದೆ ‘ಪಳ್ಳಿ’ ಆಗಿತ್ತು. ಕನ್ನಡದ ಪದಾದಿ ಪಕಾರ ಹಕಾರ ಆಗೋದು ಸುಮಾರು ಹತ್ತನೇ ಶತಮಾನದಲ್ಲಿ ಶುರುವಾಗಿ ಹದಿನಾಲ್ಕರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದ ಬದಲಾವಣೆ. ಶಾಸನ ಓದುವವರಿಗೆ ಇದು ನಿತ್ಯದ ಪಾಠ.

ಈಗ ನೋಡ್ರಿ, ಪರಂಗಿ ಹಳಗನ್ನಡದಿಂದಲೇ ನಮ್ಮಲ್ಲಿದ್ದ ದೇಶ್ಯ ಪದ ಆಗಿದ್ದರೆ, ಹೂವು ಹಾಲು ಹಲ್ಲುಗಳ ಜೊತೆ ಅದೂ ‘ಹರಂಗಿ’ ಆಗಬೇಕಿತ್ತು. ಆಗಲಿಲ್ಲ. ಅದೇ ಜನರ ಜೊತೆ ಬಂದ ‘ಪಾದ್ರಿ’ ಆಗಲಿ, ಪೋರ್ಚುಗೀಸ್ ಮೂಲದ ‘ಪಗಾರ’ ಆಗಲಿ ‘ಹಾದ್ರಿ’, ‘ಹಗಾರ’ ಆಗಲಿಲ್ಲ. ಆ ಬದಲಾವಣೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಬಂದ ಪದಗಳಿವು.

ಈ ಅಳತೆಗೋಲಿಗೂ ಒಂದು ಮಿತಿ ಇದೆ. ಸಂಸ್ಕೃತದ ‘ಪರ’, ‘ಪುಣ್ಯ’, ‘ಪಾಪ’ ಎಲ್ಲ ಪಕಾರ ಉಳಿಸಿಕೊಂಡೇ ಇದಾವೆ. ಹಾಗಾಗಿ ಇದೊಂದರಿಂದಲೇ ‘ಪರ + ಅಂಗಿ’ ಸತ್ತುಹೋಗೋದಿಲ್ಲ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಕೋಗಳಿಯ ಬಸದಿ ಇವುಗಳ ಕಾಲದ ಕಲ್ಲಿನಲ್ಲಿ ‘ಪರಂಗಿ’ ಅನ್ನೋ ಅಚ್ಚಗನ್ನಡ ಪದ ಸಿಗುತ್ತೆ ಅನ್ನೋ ಆಸೆಗೆ ಮಾತ್ರ ಇದು ಬೀಗ ಹಾಕುತ್ತೆ.

ರೈನ್ ನದಿಯಿಂದ ತುಂಗಭದ್ರೆಗೆ

ಪದದ ನಿಜವಾದ ದಾರಿ ಇದು. ಯುರೋಪಿನ ರೈನ್ ನದಿಯ ಸೀಮೆಯಲ್ಲಿ ‘ಫ್ರಾಂಕ್’ ಅನ್ನೋ ಜರ್ಮನ್ ಕುಲದವರಿದ್ದರು. ಫ್ರಾನ್ಸ್ ದೇಶಕ್ಕೆ ಹೆಸರು ಬಂದಿದ್ದು ಅವರಿಂದ. ಅರಬ್ಬರು ಅವರನ್ನ ‘ಇಫ್ರಂಜ್’, ‘ಫಿರಂಜ್’ ಅಂದರು. 1096ರಿಂದ ಶುರುವಾದ ಧರ್ಮಯುದ್ಧಗಳಲ್ಲಿ ಪಶ್ಚಿಮ ಯುರೋಪಿನಿಂದ ಯಾವ ಕುಲದವನೇ ಬಂದರೂ ಅರಬ್ಬರಿಗೆ ಅವನು ಫಿರಂಜಿಯೇ. ಪರ್ಷಿಯನ್ನಿನಲ್ಲಿ ಅದು ‘ಫರಂಗ್’, ‘ಫರಂಗಿ’ ಆಯ್ತು. ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಆ ಭಾಷೆಗಳು ಓಡಾಡಿದ ಕಡೆಯೆಲ್ಲ ಪದವೂ ಓಡಾಡಿತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ, ಅವನ ಜನಕ್ಕೆ ಇಡೋಕೆ ಹೆಸರು ಆ ವ್ಯಾಪಾರಿಗಳ ಬಾಯಲ್ಲಿ ಮೊದಲೇ ಸಿದ್ಧವಾಗಿತ್ತು.

ನಮ್ಮ ನಾಲಿಗೆಗೆ ಬಂದಾಗ ಆಗಿದ್ದು ಒಂದೇ ಕೆಲಸ. ‘ಫ್ರ’ ಅನ್ನೋ ಒತ್ತನ್ನ ಅರಬ್ಬರೇ ಬಿಡಿಸಿಕೊಟ್ಟಿದ್ದರು. ಕನ್ನಡದ ಹಳೆಯ ಉಚ್ಚಾರದಲ್ಲಿಲ್ಲದ ತುಟಿ-ಹಲ್ಲಿನ ಫಕಾರವನ್ನ ನಾವು ಪಕಾರ ಮಾಡಿಕೊಂಡ್ವಿ.

ಕನ್ನಡ ಈ ಪದವನ್ನ ಎರಡು ರೂಪದಲ್ಲಿ ಇಟ್ಟುಕೊಂಡಿದೆ ಅನ್ನೋದನ್ನ ಬಹಳ ಜನ ಗಮನಿಸಿಲ್ಲ. ‘ಪರಂಗಿ’ ಅಂದರೆ ಮನುಷ್ಯ. ‘ಫಿರಂಗಿ’ ಅಂದರೆ ತೋಪು. ಎರಡೂ ಒಂದೇ ಪದ. ತಂದವರ ಹೆಸರು ತಂದ ವಸ್ತುವಿಗೆ ಅಂಟಿಕೊಂಡಿದೆ. ಚೀನಾದ ಮಿಂಗ್ ಅರಸರ ಕಾಲದಲ್ಲೂ ಹೀಗೇ ಆಯ್ತು. ಅವರು ‘ಫೋಲಾಂಗ್‌ಜಿ’ ಅಂದಿದ್ದು ಪೋರ್ಚುಗೀಸರಿಗೂ ಹೌದು, ಅವರ ತೋಪಿಗೂ ಹೌದು. ಮರಾಠಿ ಸೀಮೆಯಲ್ಲಿ ‘ಫಿರಂಗ’ ಅಂದರೆ ಯುರೋಪಿನ ಅಲಗಿನ ನೇರ ಕತ್ತಿ. ಹದಿನಾರನೇ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ ಅಂದರೆ ಉಪದಂಶ. ಆ ರೋಗಕ್ಕೆ ಕೊಡ್ತಿದ್ದ ಬೇರು ನಮ್ಮ ಗಂಧಿಗೆ ಅಂಗಡಿಯ ‘ಪರಂಗಿ ಚಕ್ಕೆ’.

ಹಣ್ಣಿನ ಕಥೆಯೂ ಇಲ್ಲೇ ಮುಗಿಯುತ್ತೆ. ಹಳೆ ಮೈಸೂರಿನ ಕಡೆ ‘ಪರಂಗಿ ಹಣ್ಣು’ ಅನ್ನೋದು ಅಮೆರಿಕ ಖಂಡದ ಗಿಡ, ಸಮುದ್ರ ದಾಟಿ ಯುರೋಪಿನವರ ಹಡಗಿನಲ್ಲಿ ಬಂದಿದ್ದು. ಪರಂಗಿಯವರು ತಂದಿದ್ದಕ್ಕೆ ಅದು ಪರಂಗಿ ಹಣ್ಣಾಯ್ತು. ಹಣ್ಣಿನ ಬಣ್ಣ ನೋಡಿ ಜನಕ್ಕೆ ಹೆಸರಿಟ್ಟರು ಅನ್ನೋದು, ಮೊಮ್ಮಗನ ಹೆಸರನ್ನ ಅಜ್ಜನಿಗಿಟ್ಟರು ಅಂದ ಹಾಗೆ.

ನಮ್ಮ ಸೀಮೆಯ ಮೊದಲ ಪರಂಗಿ

ಹಾಗಾದರೆ ಕೂಡ್ಲಿಗಿ ಹಡಗಲಿ ಸೀಮೆಯ ಜನ ಮೊದಲು ನೋಡಿದ ಪರಂಗಿ ಯಾರು? ಬ್ರಿಟಿಷನಂತೂ ಅಲ್ಲ. ಈ ತಾಲ್ಲೂಕುಗಳ ಪಕ್ಕದಲ್ಲೇ ಹೊಸಪೇಟೆ, ಹಂಪಿ. ಗೋವೆ ಪೋರ್ಚುಗೀಸರ ಕೈಗೆ ಹೋಗಿದ್ದು 1510ರಲ್ಲಿ. ಹತ್ತು ವರ್ಷದಲ್ಲಿ ಅವರು ವಿಜಯನಗರದ ಬೀದಿಯಲ್ಲಿದ್ದರು. 1520ರ ಸುಮಾರಿಗೆ ಡೊಮಿಂಗೊ ಪಾಯಸ್, 1535ರ ಸುಮಾರಿಗೆ ಕುದುರೆ ವ್ಯಾಪಾರಿ ನೂನಿಜ್. ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸಕ್ಕೆ ಜೊವಾವ್ ದೆ ಲಾ ಪೊಂತೆ ಅನ್ನೋ ಪೋರ್ಚುಗೀಸ್ ಕಲ್ಲುಕೆಲಸದವನು ನೆರವಾದ ಅಂತ ಅವರ ಬರಹ ಹೇಳುತ್ತೆ. ರಾಯಚೂರು ಕೋಟೆಯ ಯುದ್ಧದಲ್ಲಿ ಕ್ರಿಸ್ತೋವಾವ್ ದ ಫಿಗೆರೆದೊ ತನ್ನ ಬಂದೂಕಿನವರ ಜೊತೆ ರಾಯನ ಕಡೆ ನಿಂತ. 1547ರಲ್ಲಿ ಸದಾಶಿವರಾಯನ ಹೆಸರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವೂ ಆಯ್ತು, ಅದರ ಮುಖ್ಯ ವಿಷಯ ಕುದುರೆ.

ಇದೆಲ್ಲ ಆಗಿದ್ದು ಈಸ್ಟ್ ಇಂಡಿಯಾ ಕಂಪನಿ ಹುಟ್ಟೋದಕ್ಕಿಂತ ಐವತ್ತರಿಂದ ಎಂಬತ್ತು ವರ್ಷ ಮೊದಲು. ಕಂಪನಿಗೆ ಇಂಗ್ಲೆಂಡಿನ ರಾಣಿ ಸನ್ನದು ಕೊಟ್ಟಿದ್ದು 1600ರ ಕೊನೆಯಲ್ಲಿ. ಅಂದರೆ ನಮ್ಮ ಕಡೆಯ ಯಾವುದಾದರೂ ಹಳೆಯ ಓಲೆ, ಕಡತ, ಕಲ್ಲಿನಲ್ಲಿ ಪರಂಗಿ ಸಿಕ್ಕರೆ ಮೊದಲು ಕೇಳಬೇಕಾದ್ದು ‘ಯಾವ ಶತಮಾನ?’ ಅಂತ. ಹದಿನಾರು ಹದಿನೇಳನೇ ಶತಮಾನದ್ದಾದರೆ ಈ ಸೀಮೆಯಲ್ಲಿ ಅವನು ಪೋರ್ಚುಗೀಸನಾಗಿರೋ ಸಂಭವವೇ ಹೆಚ್ಚು.

ನಿಘಂಟಿನ ಮೇಲೂ ಒಂದು ಆಕ್ಷೇಪ

ಹಂಗಂತ ದೊಡ್ಡ ನಿಘಂಟು ಹೇಳಿದ್ದನ್ನೆಲ್ಲ ತಲೆ ಮೇಲೆ ಹೊತ್ಕೊಳ್ಳೋದೂ ಬೇಡ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ತಂದ ‘ಹಾಬ್ಸನ್-ಜಾಬ್ಸನ್’ ಈ ಪದದ ವಂಶಾವಳಿಯನ್ನ ಸರಿಯಾಗೇ ಕೊಟ್ಟಿದೆ. ಆದರೆ ದಕ್ಷಿಣದ ತಮಿಳು ಮತ್ತು ಸಿಂಹಳದಲ್ಲಿ ಪರಂಗಿ ಅಂದರೆ ಪೋರ್ಚುಗೀಸರು ಮಾತ್ರ ಅಂತ ಗೆರೆ ಎಳೆದುಬಿಡುತ್ತೆ. ಮದ್ರಾಸಿನ ‘ಪರಂಗಿಮಲೈ’ ಮುಂತಾದ ಹೆಸರಿಗೆ ಅದು ಒಪ್ಪುತ್ತೆ. ಎಲ್ಲ ಕಡೆಗೂ ಒಪ್ಪೋದಿಲ್ಲ. 1606ರಲ್ಲಿ ಮಧುರೆಗೆ ಬಂದ ಪಾದ್ರಿ ರಾಬರ್ಟೊ ದೆ ನೊಬಿಲಿ ಇಟಲಿಯವನು. ಆದರೂ ‘ನಾನು ಪರಂಗಿ ಅಲ್ಲ’ ಅಂತ ಜನರ ಮುಂದೆ ಸಾಧಿಸೋದೇ ಅವನಿಗೆ ದೊಡ್ಡ ಕೆಲಸ ಆಯ್ತು. ದನದ ಮಾಂಸ ತಿಂದು ಹೆಂಡ ಕುಡಿಯೋ ಕೀಳು ಜನ ಅನ್ನೋ ಅರ್ಥ ಆಗಲೇ ಪದಕ್ಕೆ ಹತ್ತಿತ್ತು. ಇಟಲಿಯವನಿಗೂ ಹತ್ತಿದ ಹೆಸರು ‘ಪೋರ್ಚುಗೀಸರು ಮಾತ್ರ’ ಹೇಗಾಗುತ್ತೆ?

ಕನ್ನಡದಲ್ಲಂತೂ ಪರಂಗಿ ಕೊನೆಕೊನೆಗೆ ಬ್ರಿಟಿಷರಿಗೇ ನಿಂತುಬಿಡ್ತು. ಆ ನಿಘಂಟು ಪದದ ನೆಂಟರನ್ನ ಎಣಿಸುವಾಗ ತಮಿಳು, ಸಿಂಹಳ, ತೆಲುಗನ್ನ ಕರೀತು, ಕನ್ನಡದ ಮನೆಗೆ ಬರಲಿಲ್ಲ. ಬಂದಿದ್ದರೆ ಆ ಗೆರೆ ಅಷ್ಟು ಗಟ್ಟಿಯಾಗಿ ಎಳೀತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

1800: ಹೆಸರು ಬದಲಾಗುತ್ತೆ

ಈಗ ನಮ್ಮ ಐದು ತಾಲ್ಲೂಕಿನ ನಿಜವಾದ ಪದಕ್ಕೆ ಬರೋಣ. 1792 ಮತ್ತು 1799ರಲ್ಲಿ ಟಿಪ್ಪುವಿನಿಂದ ಕಿತ್ತ ಭಾಗದಲ್ಲಿ ಬಳ್ಳಾರಿ ಸೀಮೆ ನಿಜಾಮನ ಪಾಲಿಗೆ ಹೋಗಿತ್ತು. ಅದನ್ನ ಅವನು 1800ರ ಅಕ್ಟೋಬರ್ ಒಪ್ಪಂದದಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮುನ್ರೋ ಪ್ರಧಾನ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಸುಮಾರು 80 ಪಾಳೆಯಗಾರರನ್ನ ಅವನು ಮೂಲೆಗೆ ಕೂಡಿಸಿದ. ಹರಪನಹಳ್ಳಿಯಂಥ ದೊಡ್ಡ ಪಾಳೆಯಪಟ್ಟಿನ ಕಾಲವೂ ಅಲ್ಲಿಗೆ ಮುಗೀತು. ರೈತನ ಹೊಲ ಅಳೆದು, ತೆರಿಗೆ ಗೊತ್ತು ಮಾಡಿ, ಪಟ್ಟಾ ಕೊಟ್ಟ.

ಜನಕ್ಕೆ ಈ ಹೊಸ ಸರ್ಕಾರ ಗೊತ್ತಾಗಿದ್ದು ಮೈಬಣ್ಣದಿಂದ ಅಲ್ಲ, ಕಿಸ್ತಿನಿಂದ. ಊರಿಗೆ ಬರ್ತಿದ್ದಿದ್ದು ಅಮಲ್ದಾರ, ಕರಣಂ, ಜವಾನ. ಬಿಳಿ ಮುಖ ಅಪರೂಪ. ಅದಕ್ಕೇ ಈ ಆಳ್ವಿಕೆಗೆ ನಿಂತ ಹೆಸರು ‘ಕುಂಪಣಿ’. ‘ಕಂಪನಿ’ಯನ್ನ ಕನ್ನಡಿಗರು ಕುಂಪಣಿ ಅಂದರೆ ತೆಲುಗರು ಕುಂಫಿಣೀ, ತಮಿಳರು ಕುಂಬಿನಿ ಅಂದರು. ಒಂದು ವ್ಯಾಪಾರದ ಕೂಟಕ್ಕೆ ‘ಬಹದ್ದೂರ್’ ಸೇರಿಸಿ, ಅದೊಬ್ಬ ವ್ಯಕ್ತಿಯೋ ಅನ್ನೋ ಹಾಗೆ ಕರೆದರು. ಮುಂದೆ ನಾವೇ ನಾಟಕ ‘ಕಂಪನಿ’, ಬಸ್ಸಿನ ‘ಕಂಪನಿ’ ಅಂದ್ವಿ. ಆದರೆ ‘ಕುಂಪಣಿ’ ರೂಪವನ್ನ ಆ ಒಂದು ಸರ್ಕಾರಕ್ಕೇ ಮೀಸಲಿಟ್ವಿ. ಪರಂಗಿ-ಫಿರಂಗಿ ಥರಾನೇ ಇದೂ ಒಂದು ಜೋಡಿ.

ಇದಕ್ಕೆ ಬರಹದ ಸಾಕ್ಷಿ ಬೇಕಾದರೆ ಕೈಫಿಯತ್ತುಗಳಿವೆ. ಕಾಲಿನ್ ಮೆಕೆಂಜಿಯ ಜನ ಊರೂರು ತಿರುಗಿ ಬರೆಸಿದ ಕನ್ನಡ ಕೈಫಿಯತ್ತುಗಳನ್ನ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ನಮ್ಮ ಸೀಮೆಯ ಊರಿನ ಕಥೆ ಅಂದರೆ ರಾಯರು, ಪಾಳೆಯಗಾರರು, ಹೈದರ್, ಟಿಪ್ಪು, ನಿಜಾಮ ಅಂತ ಇಳಿದು ಕೊನೆಗೆ ಕುಂಪಣಿಗೆ ಬಂದು ನಿಲ್ಲೋ ಕಥೆ. ಅಲ್ಲಿ ಕುಂಪಣಿ ಬೈಗುಳ ಅಲ್ಲ, ಹೊಗಳಿಕೆಯೂ ಅಲ್ಲ. ಸಾಲಿನ ಕೊನೆಯ ಅರಸು, ಅಷ್ಟೆ.

ಬೈಗುಳದ ಬಿಸಿ ಸೇರಿದ್ದು ಆಮೇಲೆ. 1857ರ ಹಲಗಲಿ ಬೇಡರ ಲಾವಣಿಯನ್ನ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು, ಅಲ್ಲಿ ಆಯುಧ ಕಿತ್ಕೊಳ್ಳೋ ಹುಕುಂ ಕುಂಪಣಿ ಸರಕಾರದ್ದು. ಆ ಲಾವಣಿಯನ್ನ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ನಮ್ಮ ಶಾಸನಗಳನ್ನ ಓದಿದ ಅದೇ ಫ್ಲೀಟ್, ಅದೇ ಸರ್ಕಾರದ ಅಧಿಕಾರಿ. ಕಲ್ಲಿನ ಕನ್ನಡಕ್ಕೆ ಕೊಟ್ಟ ಕಿವಿಯನ್ನೇ ಅವನು ತನ್ನವರ ವಿರುದ್ಧ ಹಾಡಿದ ಕನ್ನಡಕ್ಕೂ ಕೊಟ್ಟ. ನಾವೂ ಅಷ್ಟು ಮಾಡಬೇಕು.

ಹೂಣ ಅನ್ನೋ ಬಲೆ

ಇನ್ನೊಂದು ಎಚ್ಚರಿಕೆ. ಸಂಸ್ಕೃತ ಕವಿಗಳಿಗೆ ಪರಂಗಿ ಅನ್ನೋದು ಹೊಲಸು ಬಾಯಿಮಾತು. ಅವರು ಹಳೆಯ ‘ಹೂಣ’ ಪದವನ್ನೇ ಹೊಸಬರಿಗೆ ತೊಡಿಸಿದರು. ಹದಿನೇಳನೇ ಶತಮಾನದ ವೆಂಕಟಾಧ್ವರಿ ‘ವಿಶ್ವಗುಣಾದರ್ಶ ಚಂಪೂ’ವಿನಲ್ಲಿ ಚೆನ್ನಪಟ್ಟಣದ ಬಿಳಿಯರನ್ನ ಹೂಣರು ಅಂತಲೇ ಕರೀತಾನೆ. ಇದನ್ನ ತಿಳಿದವರು ಉಲ್ಟಾ ಓದಬಾರದು. ಹಳೆಯ ಪ್ರಶಸ್ತಿಗಳಲ್ಲಿ ಗೆದ್ದ ಅರಸರ ಪಟ್ಟಿಯಲ್ಲಿ ಹೂಣ ಬಂದರೆ ಅದು ಗುಪ್ತರ ಕಾಲದಿಂದ ಬಂದ ಹೆಸರು. ಅದಕ್ಕೂ ಲಂಡನ್ನಿಗೂ ಸಂಬಂಧ ಇಲ್ಲ. ಒಂದೇ ಪದ, ಎರಡು ಕಾಲ, ಎರಡು ಜನ. ಕಾಲ ಗೊತ್ತು ಮಾಡಬೇಕಾದ್ದು ಲಿಪಿ ಮತ್ತು ತಿಥಿಯಿಂದ, ಪದದಿಂದಲ್ಲ.

ಕಲ್ಲಿನಲ್ಲಿ ಏನು ಹುಡುಕಬೇಕು

ಇಷ್ಟು ಹೇಳಿದ ಮೇಲೆ ನ್ಯಾಯವಾದ ಪ್ರಶ್ನೆ ಒಂದಿದೆ. ಕುಂಪಣಿ ಅಷ್ಟು ಬಳಕೆಯಲ್ಲಿದ್ದರೆ ಕಲ್ಲಿನಲ್ಲಿ ಯಾಕೆ ಅಪರೂಪ? ನನ್ನ ಉತ್ತರ: ಕುಂಪಣಿ ಕಲ್ಲಿನ ಸರ್ಕಾರ ಅಲ್ಲ, ಕಾಗದದ ಸರ್ಕಾರ. ಹಿಂದೆ ಭೂಮಿ ಕೊಟ್ಟರೆ ಕಲ್ಲು ನೆಡಿಸಬೇಕಿತ್ತು, ಕೆಳಗೆ ಶಾಪಾಶಯ ಬರೆಸಬೇಕಿತ್ತು. ಮುನ್ರೋ ಬಂದ ಮೇಲೆ ಹಕ್ಕಿಗೆ ಸಾಕ್ಷಿ ಪಟ್ಟಾ ಮತ್ತು ಲೆಕ್ಕದ ಪುಸ್ತಕ. 1858ರಲ್ಲಿ ಮದ್ರಾಸಿನ ಇನಾಂ ಕಮಿಷನ್ ಶುರುವಾದಾಗ ಹಳೆಯ ಶಾಸನವೂ ಆ ಕಾಗದಕ್ಕೆ ಒಂದು ಪುರಾವೆಯಾಯ್ತು. ದಾನಶಾಸನದ ಪರಂಪರೆಯನ್ನ ಯಾರೂ ನಿಷೇಧ ಮಾಡಲಿಲ್ಲ. ಅದರ ಕೆಲಸವೇ ಹೋಯ್ತು.

ಹಾಗಾಗಿ ಉಳಿದಿರೋದು ಸಣ್ಣಪುಟ್ಟ ಕಲ್ಲುಗಳು. ಎಲ್ಲೆಗಲ್ಲು, ಕೆರೆಯ ತೂಬಿನ ಕಲ್ಲು, ಸೇತುವೆಯ ಕಲ್ಲು, ಮೈಲಿಗಲ್ಲು, ಗೋರಿ. ಬ್ರಿಟಿಷರು ತಮ್ಮ ಗೋರಿಗಳನ್ನ ತಾವೇ ಪಟ್ಟಿ ಮಾಡಿಕೊಂಡರು, ಜೆ.ಜೆ. ಕಾಟನ್ ಮದ್ರಾಸ್ ಪ್ರಾಂತದ ಗೋರಿ ಶಾಸನಗಳ ಪಟ್ಟಿ ತಂದಿದ್ದು 1905ರಲ್ಲಿ. ಅಂಥ ಗೋರಿಗಳ ಮೇಲೆ ಸತ್ತವನ ರೆಜಿಮೆಂಟು, ಇಲ್ಲವೇ ‘ಆನರಬಲ್ ಕಂಪನಿ’ಯ ಚಾಕರಿ ಅಂತ ಇರುತ್ತೆ. ನಮ್ಮ ಜನ ಕುಂಪಣಿ ಅಂದಿದ್ದು ಅವರೇ ತಮಗೆ ಇಟ್ಟುಕೊಂಡ ಹೆಸರನ್ನ. ಪರಂಗಿ ಮಾತ್ರ ಅವರು ತಮಗೆ ಎಂದೂ ಇಟ್ಟುಕೊಳ್ಳದ ಹೆಸರು.

ನಮ್ಮ ತಾಲ್ಲೂಕಿನ ಹಳೆಯ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೇ ಸಂಪುಟದಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಕೈಯಲ್ಲಿ, 1939ರಿಂದಲೇ ಅಚ್ಚಿನಲ್ಲಿವೆ. ಕಲ್ಲು ಒಡೆದರೂ ಪಾಠ ಉಳಿಯುತ್ತೆ. ಹತ್ತೊಂಬತ್ತನೇ ಶತಮಾನದ ತೂಬಿನ ಕಲ್ಲಿಗೆ ಆ ಭಾಗ್ಯ ಇಲ್ಲ. ‘ಇದೇನು ಹಳೇದಲ್ಲ ಬಿಡ್ರಿ’ ಅಂತ ನಾವೇ ದಾಟಿ ಹೋಗ್ತೀವಿ. ಕಾನೂನು ನಮಗಿಂತ ಉದಾರಿ: 1972ರ ಪುರಾವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಶಾಸನ ಪುರಾವಸ್ತುವೇ. ಮುಂದಿನ ಸಲ ಕೊಟ್ಟೂರು ದಾರಿಯಲ್ಲೋ ಹಡಗಲಿ ದಾರಿಯಲ್ಲೋ ಅಂಥ ಕಲ್ಲು ಕಂಡರೆ ನಿಲ್ಲಿ. ಸುಣ್ಣ, ಎಣ್ಣೆ ಹಚ್ಚಬೇಡಿ. ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಊರು ಮತ್ತು ಜಾಗ ಬರೆದುಕೊಳ್ಳಿ. ಕುಂಪಣಿ ಅಂತಿದೆಯೋ, ಸರ್ಕಾರ ಅಂತಿದೆಯೋ, ದೊರೆ ಅಂತಿದೆಯೋ, ಇದ್ದ ಹಾಗೇ ಅಕ್ಷರ ಬಿಡದೆ ನಕಲು ಮಾಡಿ. ಅರ್ಥ ಆಮೇಲೆ ಹೇಳೋಣ. ‘ಪರರ ಅಂಗಿ’ ಥರದ ಅರ್ಥ ಯಾವತ್ತು ಬೇಕಾದರೂ ಹುಟ್ಟಿಸಬಹುದು, ಹೋದ ಅಕ್ಷರ ಹುಟ್ಟಿಸೋಕೆ ಆಗೋದಿಲ್ಲ.